ಹಳದಿ ಅಂಚಿನ ಶೀಟುಗಳ ಲೆಕ್ಕ

ನಮ್ಮತ್ತೆಯ ಲೆಕ್ಕ ಜೀವಮಾನದಲ್ಲಿ ಒಂದೇ ಒಂದು ಸಲ ತಪ್ಪಿತು. ಆ ತಪ್ಪನ್ನು ಹಿಡಿದವಳು ನಾನೇ, ಅದೂ ವಿಚಾರಣೆಗೆ ಇನ್ನು ಐದೇ ಗಂಟೆ ಉಳಿದಿದ್ದಾಗ! ಆ ದಿನದ ಓಡಾಟ ನೆನೆಸಿಕೊಂಡರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಊರಿನ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಅದರ ಮುಖ್ಯಸ್ಥೆಯಾದವಳು. ಡಾಕ್ಟರರಿಂದ ಹಿಡಿದು ಗೇಟಿನವರವರೆಗೆ ಎಲ್ಲರಿಗೂ ಅವಳು ಲಾಂಡ್ರಿಯಮ್ಮ. ಆಳು ಗಿಡ್ಡ, ಗಂಟಲು ದೊಡ್ಡದು, ಕೋಪ ಮೂಗಿನ ತುದಿಯಲ್ಲೇ. ಬೆರಳುಗಳು ಭಾನುವಾರವೂ ನೀರಲ್ಲಿ ನೆಂದಂತೆ ಸುಕ್ಕುಸುಕ್ಕು. ನನಗೆ ಮೂವತ್ತೆರಡು ದಾಟಿದರೂ, ವಿಮಾ ಕಚೇರಿಯಲ್ಲಿ ಕೂಡುವುದು ಕಳೆಯುವುದರಲ್ಲೇ ಹೊಟ್ಟೆ ಹೊರೆಯುತ್ತಿದ್ದರೂ, ಅವಳ ಪಾಲಿಗೆ ನಾನಿನ್ನೂ ಪುಟ್ಟಿ.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ಹಿಂಭಾಗದ ನೆಲಮಹಡಿಯಲ್ಲಿ. ಮೂರು ದೊಡ್ಡ ಒಗೆಯುವ ಯಂತ್ರ, ಹಿಂಡುವ ಯಂತ್ರ ಒಂದು, ಗೋಡೆಯುದ್ದಕ್ಕೂ ಇಸ್ತ್ರಿ ಮೇಜು. ಒಣಗಿಸುವ ಯಂತ್ರವೂ ಒಂದಿತ್ತು, ಆದರೆ ಅದು ಕೆಟ್ಟು ಎಷ್ಟೋ ವರ್ಷವಾಗಿ ಈಗ ಅದರ ಹೊಟ್ಟೆಯೊಳಗೆ ಪೊರಕೆಗಳಿದ್ದವು. ಹಾಗಾಗಿ ಬಟ್ಟೆ ಒಣಗುವುದು ಮಹಡಿಯ ಮೇಲೆ, ಬಿಸಿಲಲ್ಲಿ. ಅಲ್ಲಿ ನಿಂತರೆ ಊರಾಚೆಯ ವಿದ್ಯುತ್ ಸ್ಥಾವರದ ಎರಡು ಚಿಮಣಿಗಳು ಕಣ್ಣೆದುರಿಗೇ. ಆ ಸ್ಥಾವರದಲ್ಲಿ ನಮ್ಮಪ್ಪ ಬಾಯ್ಲರ್ ನೋಡಿಕೊಳ್ಳುತ್ತಿದ್ದ. "ತಮ್ಮ ಮಸಿ ಮಾಡ್ತಾನೆ, ಅಕ್ಕ ಒಗೀತಾಳೆ" ಎಂದು ಆಸ್ಪತ್ರೆಯವರೆಲ್ಲ ಅತ್ತೆಯನ್ನು ಛೇಡಿಸುತ್ತಿದ್ದರು.

ಅದು ಬರೀ ತಮಾಷೆಯಲ್ಲ. ಗಾಳಿ ಈ ಕಡೆ ತಿರುಗಿದ ದಿನ ಹಗ್ಗದ ಮೇಲಿನ ಬಿಳಿ ಬಟ್ಟೆಗೆಲ್ಲ ಮೆಣಸು ಚೆಲ್ಲಿದಂತೆ ಕರಿ ಬೂದಿ ಕೂರುತ್ತಿತ್ತು. ಅಷ್ಟನ್ನೂ ಕೆಳಗಿಳಿಸಿ ಮತ್ತೆ ಒಗೆಯಬೇಕು. ಅಂಥ ದಿನ ಅತ್ತೆ ತನ್ನ ರಿಜಿಸ್ಟರಿನ ಮೂಲೆಯಲ್ಲಿ ಒಂದು ಕರಿ ಬೊಟ್ಟು ಇಡುತ್ತಿದ್ದಳು. ಹೆಚ್ಚಿನ ಸೋಪು ಕೇಳಲು ಸಾಕ್ಷಿ ಬೇಕಲ್ಲ! ಸೋಪಿನ ಉಗ್ರಾಣ ನೋಡಿಕೊಳ್ಳುವವರಿಗೆ ಅವಳಿಟ್ಟ ಹೆಸರು ಬೀಗದಣ್ಣ. ಇಬ್ಬರಿಗೂ ಇಪ್ಪತ್ತು ವರ್ಷದಿಂದ ಹಾವು ಮುಂಗುಸಿ. ಚೀಟಿ ಇಲ್ಲದೆ ಆತ ಒಂದು ಹಿಡಿ ಸೋಪಿನ ಪುಡಿಯನ್ನೂ ಕೊಟ್ಟವರಲ್ಲ. ಮಕ್ಕಳ ವಾರ್ಡಿನ ಶೀಟುಗಳಿಗೆ ಹಳದಿ ಅಂಚು, ಮಿಕ್ಕವಕ್ಕೆ ಹಸಿರು, ನೀಲಿ. ಹಳದಿಗೆ ಮೆದು ಸೋಪು ಬೇಕು, ಅದು ತುಟ್ಟಿ. ಆದ್ದರಿಂದ ಮರುಒಗೆತಕ್ಕೆ ಹಳದಿ ಎಷ್ಟು, ಬೇರೆ ಎಷ್ಟು ಎಂದು ಚೀಟಿಯಲ್ಲಿ ಬಿಡಿಸಿ ಬರೆಯಬೇಕಿತ್ತು.

ಇನ್ನೊಂದು ಮಾತು. ಮಕ್ಕಳ ವಾರ್ಡಿನಲ್ಲಿ ಶೀಟನ್ನು ದಿನವೂ ಬದಲಿಸುತ್ತಾರೆ. ಅಂದರೆ ಒಂದು ಹಳದಿ ಶೀಟು ಎಂದರೆ ಒಂದು ಮಗು ಒಂದು ದಿನ ಹಾಸಿಗೆ ಹಿಡಿದಿತ್ತು ಎಂದರ್ಥ. ಅಲ್ಲಿ ಬಹುಪಾಲು ಉಬ್ಬಸದ ಮಕ್ಕಳೇ. ಆರನೇ ವಯಸ್ಸಿನಲ್ಲಿ ನಾನೂ ಆ ಹಳದಿ ಅಂಚಿನ ಮೇಲೆ ಒಂಬತ್ತು ದಿನ ಮಲಗಿದ್ದೆ. ಉಸಿರು ಎಳೆದುಕೊಳ್ಳಲು ಎರಡು ಕೈಯಲ್ಲೂ ಆ ಅಂಚನ್ನೇ ಹಿಡಿದುಕೊಳ್ಳುತ್ತಿದ್ದುದು ಈಗಲೂ ನೆನಪಿದೆ.

ಕಥೆ ಶುರುವಾದದ್ದು ಆಸ್ಪತ್ರೆ ಗೋಡೆಗೆ ಅಂಟಿಸಿದ ಒಂದು ನೋಟೀಸಿನಿಂದ. ಚಿಮಣಿಗಳಿಗೆ ಬೂದಿ ಹಿಡಿಯುವ ಫಿಲ್ಟರು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಸಮಿತಿಯೊಂದು ಸಾರ್ವಜನಿಕ ವಿಚಾರಣೆ ನಡೆಸುವುದಿತ್ತು. ಸ್ಥಾವರದ ಕಂಪನಿ ಕೊಟ್ಟ ಕೋಷ್ಟಕವನ್ನು ನೋಟೀಸಿನ ಕೆಳಗೆ ಹಾಕಿದ್ದರು. ಖರ್ಚಿನ ಕಡೆ ಇಷ್ಟು ಕೋಟಿ, ಅದನ್ನು ತುಂಬಲು ಪ್ರತಿ ಮನೆಯ ಕರೆಂಟು ಬಿಲ್ಲು ನೂರಕ್ಕೆ ನಾಲ್ಕು ಏರುತ್ತದೆ. ಆರೋಗ್ಯದ ಲಾಭದ ಕಡೆ 'ಅಳೆದಿಲ್ಲ' ಎಂದಿತ್ತು. ಕೂಡಿಸುವಾಗ ಅದನ್ನು ಸೊನ್ನೆ ಎಂದು ಹಿಡಿದಿದ್ದರು. ಒಟ್ಟು ಫಲ ಏನಪ್ಪಾ ಅಂದರೆ ನಷ್ಟ.

ಅತ್ತೆ ಅದನ್ನು ಓದಿದವಳೇ ಉರಿದುಬಿದ್ದಳು. ನಾಲ್ಕು ರಿಜಿಸ್ಟರುಗಳನ್ನು ದಿಂಬಿನ ಚೀಲದಲ್ಲಿ ತುಂಬಿಕೊಂಡು ಸೀದಾ ನಮ್ಮ ಮನೆಗೆ ಬಂದಳು.

"ಅಳೆದಿಲ್ಲ ಅಂದ್ರೆ ಇಲ್ಲ ಅಂತಾನಾ ಪುಟ್ಟಿ? ನಾನು ಅಳೆದಿದೀನಿ. ಕರಿ ಬಿದ್ದ ಮೂರನೇ ದಿನಕ್ಕೆ ಹಳದಿ ಜಾಸ್ತಿ ಬರತ್ತೆ. ನಿಂಗೆ ಕೂಡೋದು ಕಳೆಯೋದು ಬರತ್ತಲ್ಲ, ತೆಗಿ ಲೆಕ್ಕ."

ತೆಗೆದೆ. ಹಿಂದಿನ ವರ್ಷ ಅರವತ್ತೊಂದು ಕರಿ ಬೊಟ್ಟು. ಮಾಮೂಲಿ ದಿನ ಹಳದಿ ಶೀಟು ಸರಾಸರಿ ಹದಿನೆಂಟು. ಕರಿ ಬಿದ್ದ ದಿನ ಮೂವತ್ತನಾಲ್ಕು! ಮೂರನೇ ದಿನ ಇಪ್ಪತ್ತೈದು. ಹೆಚ್ಚಿಗೆ ಬಂದದ್ದನ್ನೆಲ್ಲ ಕೂಡಿದರೆ ವರ್ಷಕ್ಕೆ ಸಾವಿರದ ನಾನೂರ ಮೂರು. ನಾವಿಬ್ಬರೂ ಅಡುಗೆಮನೆಯಲ್ಲೇ ಕುಣಿದಾಡಿಬಿಟ್ಟೆವು. ಕೋಷ್ಟಕವನ್ನು ಸಮಿತಿಗೆ ಕಳಿಸಿದೆ. ಅತ್ತೆಗೆ ಮಾತಾಡಲು ಹತ್ತು ನಿಮಿಷ ಕೊಟ್ಟಿದ್ದೇವೆ ಎಂದು ಕಾಗದ ಬಂತು.

ಕುಣಿಯದೇ ಇದ್ದವನು ಅಪ್ಪ ಒಬ್ಬನೇ. ಶಿಫ್ಟು ಮುಗಿಸಿ ಬಂದವನು ಊಟದ ತಟ್ಟೆ ಪಕ್ಕಕ್ಕೆ ತಳ್ಳಿದ.

"ಅಕ್ಕ, ಖರ್ಚು ಜಾಸ್ತಿ ಆದ್ರೆ ಹಳೇ ಬಾಯ್ಲರು ಮುಚ್ತೀವಿ ಅಂತಿದಾರೆ. ನನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ತೀಯಾ?"

ಅತ್ತೆ ಎದ್ದು ಚಪ್ಪಲಿ ಮೆಟ್ಟಿ ಹೊರಟೇಹೋದಳು. ಆಮೇಲೆ ವಾರವಿಡೀ ಅಕ್ಕ ತಮ್ಮನ ನಡುವೆ ಮಾತಿಲ್ಲ.

ವಿಚಾರಣೆಯ ದಿನ ಬಂತು. ಸಂಜೆ ನಾಲ್ಕಕ್ಕೆ ಸಭೆ. ಅತ್ತೆಗೆ ಧೈರ್ಯ ಹೇಳೋಣವೆಂದು ರಜೆ ಹಾಕಿ ಬೆಳಿಗ್ಗೆಯೇ ಲಾಂಡ್ರಿಗೆ ಹೋದೆ. ಧೈರ್ಯ ಬೇಕಾಗಿದ್ದುದು ನನಗೇ. ಬೆಳಿಗ್ಗೆ ಎಂಟಕ್ಕೆ ಬಂದ ಶೀಟುಗಳು ಒಗೆದು ಮಹಡಿ ಸೇರಿದ್ದವು. ಹನ್ನೊಂದರ ಹೊತ್ತಿಗೆ ಮೇಲಿನಿಂದ ಕೂಗು ಕೇಳಿತು. "ಲಾಂಡ್ರಿಯಮ್ಮಾ, ಕರಿ!"

ಎಲ್ಲರೂ ಓಡಿದರು. ಹಗ್ಗದಿಂದ ಶೀಟು ಎಳೆದು, ಗಂಟು ಕಟ್ಟಿ, ಮೆಟ್ಟಿಲಿಳಿಸಿ ತಂದು ಸುರಿದರು. ವಿಚಾರಣೆಯ ದಿನವೇ ಬೂದಿ ಬಿದ್ದಿದೆ, ಸಾಕ್ಷಿ ತಾನಾಗೇ ಬಂದಿದೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಎಣಿಸಿದಳು, ಕಿವಿಯ ಹಿಂದಿನ ಪೆನ್ಸಿಲು ತೆಗೆದಳು, ಒಳಬಂದ ಬಟ್ಟೆಯ ರಿಜಿಸ್ಟರಿನಲ್ಲಿ ಬರೆದಳು. 'ಹಳದಿ, ಹದಿನಾರು.'

ನಾನು ರಿಜಿಸ್ಟರಿನ ಮೇಲೆ ಬಗ್ಗಿದೆ.

"ಅತ್ತೆ, ಇವನ್ನ ಬೆಳಿಗ್ಗೆನೇ ಬರೆದಿದ್ಯಲ್ಲ?"

"ಬರೆದಿದ್ದೆ."

"ಮತ್ತೆ ಯಾಕೆ ಬರೆದೆ?"

"ಹೊಸ್ತಿಲು ದಾಟಿ ಒಳಗೆ ಬಂದ ಬಟ್ಟೇನ ಬರೀದೇ ಬಿಡೋದುಂಟಾ?"

ಆ ಲಾಂಡ್ರಿಯ ಕಾನೂನು ಅದು. ಯಾವುದೋ ಕಾಲದಲ್ಲಿ ಹನ್ನೆರಡು ಶೀಟು ಕಾಣೆಯಾಗಿ ಎಲ್ಲರ ಸಂಬಳದಲ್ಲಿ ಹಿಡಿದಿದ್ದರಂತೆ. ಅಂದಿನಿಂದ ಹೊಸ್ತಿಲು ದಾಟಿದ್ದೆಲ್ಲ ರಿಜಿಸ್ಟರಿಗೆ. ಮೇಲಿನಿಂದ ಮರಳಿದ್ದೂ ಅಷ್ಟೇ, ಹೊಸದಾಗಿ ಬಂದಂತೆಯೇ. ಬಟ್ಟೆ ಕಾಯುವುದಕ್ಕೆ ಅದು ಸರಿ. ಮಕ್ಕಳನ್ನು ಎಣಿಸುವುದಕ್ಕೆ? ಹದಿನೆಂಟು ಮಕ್ಕಳು ಮೂವತ್ತನಾಲ್ಕಾಗಿದ್ದು ಹೀಗೆ! ಬೂದಿ ಬೀಳುವುದು ಹನ್ನೊಂದಕ್ಕೆ, ವಾರ್ಡಿನ ಶೀಟು ಬರುವುದು ಎಂಟಕ್ಕೆ. ಬೀಳುವ ಮುಂಚೆಯೇ ಮಕ್ಕಳು ಹೇಗೆ ಮಲಗಿದರು ಎಂದು ಕೇಳಿಕೊಳ್ಳಬೇಕಿತ್ತು ನಾನು. ಕೂಡುವುದೇ ಕಸುಬಾದವಳಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ.

ವಿಷಯ ತಿಳಿಯುತ್ತಲೇ ಅತ್ತೆ ಒದ್ದೆ ಗಂಟಿನ ಮೇಲೆ ಕುಸಿದು ಕೂತಳು.

"ಹಂಗಾದ್ರೆ ನಾನು ಸುಳ್ಳು ಬರೆದು ಕಳಿಸಿದೀನಿ."

ನನ್ನ ಬುದ್ಧಿ ಎಷ್ಟು ಕೀಳಾಯಿತು ಅಂದರೆ, "ಯಾರಿಗೂ ಗೊತ್ತಾಗಲ್ಲ ಬಿಡು ಅತ್ತೆ" ಎಂದುಬಿಟ್ಟೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅವರು ಅಳೀದೇ ಸೊನ್ನೆ ಬರೆದ್ರು. ನಾನು ಒಂದನ್ನೇ ಎರಡು ಸಲ ಅಳೆದು ಬೆಟ್ಟ ಮಾಡ್ಲಾ? ಆಮೇಲೆ ನಂಗೂ ಅವರಿಗೂ ಏನು ವ್ಯತ್ಯಾಸ? ಏಳು, ತಪ್ಪು ತೆಗೀಬೇಕು. ಗಂಟೆ ಎಷ್ಟು?"

ಹನ್ನೊಂದೂವರೆ. ತಪ್ಪು ತೆಗೆಯಲು ಆ ಅರವತ್ತೊಂದು ದಿನ ಒಂದೊಂದು ದಿನವೂ ಎಷ್ಟು ಹಳದಿ ಶೀಟು ಮಹಡಿಯಿಂದ ಮರಳಿತ್ತು ಎಂದು ತಿಳಿಯಬೇಕು. ರಿಜಿಸ್ಟರಿನಲ್ಲಿ ಎಲ್ಲ ಒಟ್ಟಿಗೆ ಕಲೆತುಹೋಗಿದೆ. ಎಲ್ಲಿಂದ ತರುವುದು? ಅತ್ತೆಯ ಮುಖ ಹುಳ್ಳಗಾಯಿತು.

"ಸೋಪಿನ ಚೀಟಿ" ಎಂದಳು. "ಆ ಬೀಗದಣ್ಣನ ಹತ್ರ ಇರತ್ತೆ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ಉಗ್ರಾಣದ ಮುಂದೆ ಮೆಲ್ಲಗೆ ಮಾತಾಡಿದಳು. "ಯಜಮಾನ್ರೇ, ಹೋದ ವರ್ಷದ ಮರುಒಗೆತದ ಚೀಟಿಗಳೇನಾದ್ರೂ ಉಳಿದಿವೆಯಾ?"

ಆತ ಕನ್ನಡಕದ ಮೇಲಿಂದ ನೋಡಿದರು. "ಏನಾದ್ರೂ ಉಳಿದಿವೆಯಾ ಅಂದ್ರೆ ಏನ್ರೀ ಅರ್ಥ? ನನ್ನ ಉಗ್ರಾಣದಲ್ಲಿ ಇವತ್ತಿನವರೆಗೂ ಒಂದು ಚೀಟಿ ಕಳೆದಿಲ್ಲ!"

ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಎರಡು ಕೈಯಲ್ಲೂ ಚೀಟಿ ಚುಚ್ಚಿಟ್ಟ ಕಂಬಿಗಳು! ತಾರೀಖಿನ ಪ್ರಕಾರ, ಒಂದರ ಮೇಲೊಂದು, ಎಲ್ಲದರಲ್ಲೂ ಅತ್ತೆಯದೇ ಕೈಬರಹ. ನನಗೆ ಆ ಜಿಪುಣನ ಕಾಲಿಗೆ ಬೀಳಬೇಕೆನ್ನಿಸಿತು. ಏತಕ್ಕೆಂದು ತಿಳಿದ ಮೇಲಂತೂ ಆತ ಉಗ್ರಾಣಕ್ಕೆ ಬೀಗ ಹಾಕಿ ನಮ್ಮ ಜೊತೆಗೇ ಬಂದು ಕೂತರು. ಅವರು ತಾರೀಖು ಓದುವುದು, ಅತ್ತೆ ಪುಟ ತೆಗೆಯುವುದು, ನಾನು ಕಳೆಯುವುದು. ಅರವತ್ತು ಸಿಕ್ಕವು, ಒಂದು ಕಾಣಲಿಲ್ಲ. ಆತನ ಮುಖ ಬಿಳುಚಿಕೊಂಡಿತು. ಕೊನೆಗೆ ಅವರದೇ ಟೀ ಲೋಟದ ಅಡಿಯಲ್ಲಿ ಅಂಟಿಕೊಂಡಿತ್ತು.

"ಇವತ್ತಿನವರೆಗೂ ಒಂದೂ ಕಳೆದಿಲ್ಲ ಅಂದಿರಲ್ಲ" ಎಂದು ಅತ್ತೆ ಕಿಸಕ್ಕನೆ ನಕ್ಕಳು.

"ಕಳೆದಿಲ್ಲ. ಲೋಟ ಅದನ್ನ ಕಾಯ್ತಿತ್ತು" ಎಂದರು ಆತ, ಗಂಭೀರವಾಗಿ.

ಎರಡೂವರೆಗೆ ಲೆಕ್ಕ ಮುಗಿಯಿತು. ಕರಿ ಬಿದ್ದ ದಿನದ ಮೂವತ್ತನಾಲ್ಕು ಇಳಿದು ಹದಿನೆಂಟಾಯಿತು, ಮಾಮೂಲಿ ದಿನದಂತೆಯೇ. ಆದರೆ ಮೂರನೇ ದಿನದ ಇಪ್ಪತ್ತೈದು? ಜಪ್ಪಯ್ಯ ಅಂದರೂ ಕದಲಲಿಲ್ಲ! ಅತ್ತೆಯ ಮೊದಲ ಮಾತೇ ನಿಜವಾಗಿತ್ತು. ನಾನು ಕೂಗಿಕೊಂಡೆ, ಇಸ್ತ್ರಿ ಮೇಜಿನವರೆಲ್ಲ ತಿರುಗಿ ನೋಡಿದರು. ಆದರೂ ವರ್ಷದ ಒಟ್ಟು ಸಾವಿರದ ನಾನೂರ ಮೂರರಿಂದ ನಾನೂರ ಇಪ್ಪತ್ತೇಳಕ್ಕೆ ಬಿದ್ದಿತ್ತು. ಮೂರನೇ ಒಂದು ಭಾಗವೂ ಉಳಿದಿರಲಿಲ್ಲ.

"ಇಷ್ಟಕ್ಕೆ ಫಿಲ್ಟರು ಬರತ್ತಾ?" ಎಂದು ಅತ್ತೆ ಕೇಳಿದಳು. ಬರಲಾರದು ಎಂದೇ ನನಗನ್ನಿಸಿತ್ತು, ಆದರೂ ಹೊಸ ಕೋಷ್ಟಕ ಬರೆಯತೊಡಗಿದೆ.

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಮೂವರು, ನಡುವೆ ಅಧ್ಯಕ್ಷೆ, ಬಿಳಿಗೂದಲಿನ ಹೆಂಗಸು. ಎದುರಿಗೆ ಕಂಪನಿಯ ಲೆಕ್ಕತಜ್ಞ, ಮೃದುವಾಗಿ ಮಾತಾಡುವ ಮನುಷ್ಯ. ಹಿಂದಿನ ಸಾಲಿನಲ್ಲಿ ಶಿಫ್ಟಿನ ಬಟ್ಟೆಯಲ್ಲೇ ಅಪ್ಪ. ಅವನು ಬರುತ್ತಾನೆಂದು ನಮಗೆ ಗೊತ್ತಿರಲಿಲ್ಲ. ಅವನನ್ನು ಕಂಡು ಅತ್ತೆ ರಿಜಿಸ್ಟರು ಎದೆಗವಚಿಕೊಂಡಳು.

ಸರದಿ ಬಂದಾಗ ಅವಳು ಮೈಕಿನ ಹತ್ತಿರ ಹೋಗಿ, "ಮೊದಲು ನನ್ನ ತಪ್ಪು ಹೇಳ್ತೀನಿ" ಎಂದಳು. ಹೊಸ್ತಿಲಿನ ಕಾನೂನು, ಎರಡು ಸಲ ಬರೆದದ್ದು, ಸೋಪಿನ ಚೀಟಿ, ಎಲ್ಲವನ್ನೂ ಬಿಡಿಸಿ ಹೇಳಿದಳು. "ನಾನು ಕಳಿಸಿದ ಸಂಖ್ಯೆ ಹೊಡೆದು ಹಾಕಿ. ಸರಿಯಾದದ್ದು ನಾನೂರ ಇಪ್ಪತ್ತೇಳು." ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ನಕ್ಕರು. ಅವರ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ನನಗೆ.

ಲೆಕ್ಕತಜ್ಞ ನಗಲಿಲ್ಲ. "ತಾವಾಗೇ ಹೇಳಿದ್ದಕ್ಕೆ ಧನ್ಯವಾದ, ಅಮ್ಮ. ಆದರೆ ಒಂದು ಪ್ರಶ್ನೆ. ಗಾಳಿ ಈ ಕಡೆ ತಿರುಗೋದು ಹೆಚ್ಚಾಗಿ ಚಳಿಗಾಲದಲ್ಲಿ. ಚಳೀಲಿ ಮಕ್ಕಳಿಗೆ ಹೇಗೂ ಕೆಮ್ಮು ಬರತ್ತೆ. ಇದು ಬೂದಿಯಿಂದ ಅಲ್ಲ, ಚಳಿಯಿಂದ ಅಂದ್ರೆ?"

ಅತ್ತೆ ನನ್ನ ಕಡೆ ನೋಡಿದಳು. ನಾನು ಕೋಷ್ಟಕದ ಹಾಳೆಗಳನ್ನು ಮೇಲೆ ಕೆಳಗೆ ಮಾಡಿದೆ. ಆಗ ಹಿಂದಿನಿಂದ ಕುರ್ಚಿ ಸರಿದ ಸದ್ದು.

"ಅಕ್ಕ" ಎಂದ ಅಪ್ಪ, ಎದ್ದು ನಿಂತು. "ಹೋದ ಚಳಿಗಾಲ ನಟ್ಟನಡುವೆ ರಿಪೇರಿಗೆ ಅಂತ ಎರಡೂ ಬಾಯ್ಲರು ಹನ್ನೊಂದು ದಿನ ನಿಂತಿದ್ವು. ಆರಿಸಿದವನು ನಾನೇ, ತಾರೀಖು ಕೊಡ್ತೀನಿ. ಆ ಪುಟ ತೆಗಿ."

ವಾರದಿಂದ ಮಾತಿಲ್ಲದ ತಮ್ಮ! ಅತ್ತೆ ಪುಟ ತಿರುವಿದಳು, ಬೆರಳು ಒದ್ದೆ ಮಾಡಿಕೊಳ್ಳುವುದನ್ನೂ ಮರೆತು ತಿರುವಿದಳು. ಸಿಕ್ಕಿತು. ಹನ್ನೊಂದು ದಿನ, ಒಂದೂ ಕರಿ ಬೊಟ್ಟಿಲ್ಲ. ಅವಳು ಗಟ್ಟಿಯಾಗಿ ಓದಿದಳು. "ಹದಿನೆಂಟು, ಹದಿನೇಳು, ಹದಿನೈದು. ಹನ್ನೆರಡು. ಹನ್ನೆರಡು. ಹದಿಮೂರು. ಹನ್ನೊಂದು..." ಕಡುಚಳಿಯಲ್ಲಿ, ನಾಲ್ಕನೇ ದಿನದಿಂದ, ಹನ್ನೆರಡರ ಆಸುಪಾಸು!

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಮೈಕೂ ಇಲ್ಲದೆ ಕೂಗಿದೆ. "ಮೇಡಂ, ಹದಿನೆಂಟು ಮಾಮೂಲಿ ಅಂದ್ಕೊಂಡಿದ್ದೇ ನಮ್ಮ ದೊಡ್ಡ ತಪ್ಪು! ಚಿಮಣಿ ನಿಂತ್ರೆ ಹನ್ನೆರಡು. ಅಂದ್ರೆ ಕಣ್ಣಿಗೆ ಬೂದಿ ಕಾಣದ ದಿನಾನೂ ಆರು ಮಕ್ಕಳು ಹೆಚ್ಚಿಗೆ ಮಲಗ್ತಿವೆ. ವರ್ಷಕ್ಕೆ ಎರಡು ಸಾವಿರದ ಮೇಲೆ ಹಳದಿ ಶೀಟು, ಇದೊಂದೇ ಆಸ್ಪತ್ರೇಲಿ!" ತಪ್ಪು ಲೆಕ್ಕ ಹೇಳಿದ್ದಕ್ಕಿಂತ ಸರಿ ಲೆಕ್ಕವೇ ದೊಡ್ಡದಾಗಿತ್ತು.

ಸಭೆಯಲ್ಲಿ ಗದ್ದಲವೆದ್ದಿತು. ಅಧ್ಯಕ್ಷೆ ಮೇಜು ತಟ್ಟಿ, "ಹನ್ನೊಂದು ದಿನದ ಲೆಕ್ಕ ಸಾಲದು, ಬೇರೆ ಕಡೆನೂ ಪರೀಕ್ಷೆ ಮಾಡಬೇಕು" ಎಂದರು. ಆಮೇಲೆ ಅತ್ತೆಯನ್ನು ಕೇಳಿದರು, "ಬಿಲ್ಲು ನೂರಕ್ಕೆ ನಾಲ್ಕು ಏರಿದ್ರೆ ನೀವು ಕೊಡೋಕೆ ತಯಾರಿದೀರಾ?"

"ಈಗಲೂ ಕೊಡ್ತಿದೀನಲ್ಲ ಮೇಡಂ! ಸೋಪಲ್ಲಿ ಕೊಡ್ತಿದೀನಿ, ನೀರಲ್ಲಿ ಕೊಡ್ತಿದೀನಿ. ಆ ಮಕ್ಕಳು ಉಸಿರಲ್ಲಿ ಕೊಡ್ತಿವೆ. ಯಾರೂ ಬಿಲ್ಲು ಬರೆದಿಲ್ಲ ಅಷ್ಟೇ. ಆ ನೂರಕ್ಕೆ ನಾಲ್ಕೂ ಭಾರ ಆಗೋ ಮನೆಗಳು ನಮ್ಮ ಬೀದೀಲೇ ಇವೆ, ನನ್ನ ತಮ್ಮನ ಕೆಲಸಾನೂ ಇದೆ. ಅದನ್ನೂ ಬರೀರಿ. ಆದ್ರೆ ಎರಡೂ ಕಡೆ ಬರೀರಿ."

ಹತ್ತು ನಿಮಿಷದಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ಅವಳು ಬಂದು ಕೂತಳು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಸಮಿತಿ ಆ ಸೊನ್ನೆಯನ್ನು ಹೊಡೆದು ಹಾಕಿತು. ಮೂರು ತಿಂಗಳಲ್ಲಿ ಸುತ್ತಲಿನ ಆರು ಆಸ್ಪತ್ರೆಗಳ ಲೆಕ್ಕ ತರಿಸಿದರು. ದೊಡ್ಡವರ ವಾರ್ಡು, ಔಷಧಿ, ಕೆಲಸ ತಪ್ಪಿದ ದಿನಗಳು, ಉಸಿರು ನಿಂತುಹೋದವರು, ಎಲ್ಲ ಸೇರಿ ಲಾಭದ ಕಡೆ ಖರ್ಚಿನ ಎರಡೂವರೆ ಪಟ್ಟಾಯಿತು. ಕೂಡಿಸಿ ತೋರಿಸಿದವನು ಅದೇ ಲೆಕ್ಕತಜ್ಞ. ಫಿಲ್ಟರು ಬಂತು, ಬಿಲ್ಲೂ ಏರಿತು, ಬಡಮನೆಗಳಿಗೆ ರಿಯಾಯಿತಿ ಸಿಕ್ಕಿತು. ಒಂದು ಬಾಯ್ಲರು ಮುಚ್ಚಿದ್ದು ನಿಜ. ಅಪ್ಪ ಫಿಲ್ಟರಿನ ವಿಭಾಗಕ್ಕೆ ಹೋದ. "ಹಿಡಿದ ಬೂದಿನ ಯಾರಾದ್ರೂ ಸಾಗಿಸಬೇಕಲ್ಲ" ಎನ್ನುತ್ತಾನೆ. ಸಂಬಳ ಸ್ವಲ್ಪ ಕಡಿಮೆ, ಗೊಣಗಾಟ ಮಾತ್ರ ಕಡಿಮೆಯಾಗಿಲ್ಲ.

ಅತ್ತೆ ನಿವೃತ್ತಿಯಾದ ದಿನ ನಾನು ಲಾಂಡ್ರಿಗೆ ಹೋಗಿದ್ದೆ. ಮೆದು ಸೋಪು ಖರ್ಚಾಗದೆ ಒಣಗಿ ಬಿರುಕು ಬಿಡುತ್ತಿದೆ ಎಂದು ಬೀಗದಣ್ಣ ಜಗಳಕ್ಕೆ ಬಂದಿದ್ದರು. ಅವರು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದು ಒಳಗಿನ ಕಪಾಟಿನ ಹತ್ತಿರ ಕರೆದೊಯ್ದಳು. ಹಳದಿ ಶೀಟುಗಳಿಗೆಂದು ಇದ್ದ ಅರೆ ಅದು. ನಾನು ಕಂಡಾಗಲೆಲ್ಲ ಖಾಲಿಯೇ ಇರುತ್ತಿತ್ತು, ಒಣಗಿದ ಕೂಡಲೇ ವಾರ್ಡಿಗೆ ಓಡುತ್ತಿದ್ದವಲ್ಲ. ಈಗ ಅಲ್ಲಿ ಮಡಚಿಟ್ಟ ಶೀಟುಗಳ ಒಂದು ಅಟ್ಟಿ ಇತ್ತು. ಅವುಗಳ ಮೇಲೆ ಮಲಗಲು ಮಕ್ಕಳು ಬಂದಿರಲಿಲ್ಲ.

"ಎಣಿಸು" ಎಂದಳು.

ಎಣಿಸಿದೆ. "ಏಳು, ಅತ್ತೆ."

"ಇನ್ನೊಂದ್ಸಲ ಎಣಿಸು ಪುಟ್ಟಿ" ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. "ಇವನ್ನ ಎರಡು ಸಲ ಎಣಿಸಿದ್ರೆ ತಪ್ಪಿಲ್ಲ."